ಅಟ್ಟದ ಮೇಲಿನ ಸ್ವೀಡನ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತ ದುಡ್ಡು ಕೊಟ್ಟು ತರುವ ಸಾಮಾನಿಗೆ ಲೆಕ್ಕವಿಲ್ಲ. ಗೊಬ್ಬರ, ಡ್ರಿಪ್ ಪೈಪು, ಬೋರಿಗೆ ಕೇಸಿಂಗು, ಬೇಸಿಗೆ ಬಂದರೆ ಟ್ಯಾಂಕರ್ ನೀರು. ನೆರಳನ್ನೂ ಕೊಳ್ಳುತ್ತೇವೆ, ಎಳೆಸಸಿಗೆ ಹಸಿರು ಬಲೆ ಕಟ್ಟುತ್ತೇವೆ, ಬಲೆಗೆ ಕಾಸಿಲ್ಲದಿದ್ದರೆ ಸುತ್ತ ನಾಲ್ಕು ತೆಂಗಿನ ಗರಿ ನೆಡುತ್ತೇವೆ. ಬಿಸಿಲನ್ನು ಮಾತ್ರ ಈ ಮೂರು ತಾಲ್ಲೂಕಿನಲ್ಲಿ ಯಾರೂ ಕೊಂಡಿರಲಿಲ್ಲ. ನಾನು ಕೊಂಡೆ. ಕೊರಿಯರ್‌ನಲ್ಲಿ ಬಂತು. ಬಣ್ಣ ನೇರಳೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು. ತುರುವೇಕೆರೆ ಹತ್ತಿರ ಅಪ್ಪ ಬಿಟ್ಟುಹೋದ ತೆಂಗಿನ ತೋಟವಿದೆ. ಈ ಎರಡೂ ಒಂದೇ ಮೈಯಲ್ಲಿ ಸೇರಿದರೆ ಗಿಡಮರದ ವಿಷಯ ಬಂದಾಗ ಬಾಯಿ ಮುಚ್ಚಿಕೊಂಡಿರುವ ಶಕ್ತಿ ಹೊರಟುಹೋಗುತ್ತದೆ. ನುಸಿ ಬಿದ್ದರೆ ಏನು ಮಾಡಬೇಕು, ಸುಳಿ ಕೊಳೆತರೆ ಏನು ಹಚ್ಚಬೇಕು, ಕಪ್ಪುತಲೆ ಹುಳು ಬಂದರೆ ಯಾವ ಪರೋಪಜೀವಿ ಬಿಡಿಸಬೇಕು, ಎಲ್ಲವನ್ನೂ ಕೇಳಿದವರಿಗೆ ಹೇಳುತ್ತೇನೆ. ಕೇಳದವರನ್ನು ಬಸ್‌ಸ್ಟಾಂಡಿನಲ್ಲಿ ತಡೆದು ಹೇಳುತ್ತೇನೆ. ಅವರ ಬಸ್ಸು ಹೋದರೆ ಮುಂದಿನ ಬಸ್ಸು ಬರುವ ತನಕ ಹೇಳುತ್ತೇನೆ. ನಮ್ಮ ತೋಟದ ಇಳುವರಿ ಅಕ್ಕಪಕ್ಕದ ತೋಟಗಳಿಗಿಂತ ಯಾವಾಗಲೂ ಒಂದು ಕೈ ಕಡಿಮೆ ಎಂಬ ಸಂಗತಿ ಈ ಬೋಧನೆಗೆ ಇದುವರೆಗೆ ಅಡ್ಡಿಯಾಗಿಲ್ಲ.

ಮಗಳು ಸ್ಟಾಕ್‌ಹೋಮಿನಲ್ಲಿದ್ದಾಳೆ. ನವೆಂಬರ್‌ನಲ್ಲಿ ಒಂದು ದಿನ ವಿಡಿಯೊ ಕಾಲ್ ಮಾಡಿ, "ಅಪ್ಪಾ, ಕರಿಬೇವು ಎಲೆ ಉದುರಿಸ್ತಿದೆ" ಅಂದಳು. ದನಿ ನಡುಗುತ್ತಿತ್ತು. ಏಳು ತಿಂಗಳ ಬಸುರಿ, ಒಗ್ಗರಣೆಗೆ ಕರಿಬೇವಿಲ್ಲದ ಮನೆ. ಅಪ್ಪನಾದವನು ಇನ್ನೇನು ಮಾಡಬೇಕು? ಗಂಟಲು ಸರಿಮಾಡಿಕೊಂಡೆ.

"ಗಿಡ ತೋರ್ಸು" ಅಂದೆ. ಫೋನು ಮನೆಯೆಲ್ಲಾ ಸುತ್ತಿತು. ಕಿಟಕಿ ಪಕ್ಕದ ಕಪಾಟಿನಲ್ಲಿ, ಸಾಲು ದೀಪಗಳ ಕೆಳಗೆ, ನಮ್ಮೂರ ಬೇಲಿ ತಿಪ್ಪೆಗಳೆಲ್ಲ ಮರ್ಯಾದಸ್ಥರಾಗಿ ಕೂತಿದ್ದವು. ಇಲ್ಲಿ ಬ್ರಾಂಡಿ ಬಾಟಲಿಯಲ್ಲಿ ನೀರು ತುಂಬಿಸಿ ಕಿಟಕಿಗೆ ಸಿಕ್ಕಿಸಿ ಮರೆತುಬಿಡುವ ಮನಿಪ್ಲಾಂಟಿಗೆ ಅಲ್ಲಿ ಒಂದು ದೀಪ. ಲೋಳೆಸರಕ್ಕೆ ಇನ್ನೊಂದು ದೀಪ! ನಮ್ಮಲ್ಲಿ ಲೋಳೆಸರವನ್ನು ಬೇರುಸಮೇತ ಕಿತ್ತು, ದೃಷ್ಟಿಗೆಂದು ಬಾಗಿಲ ಮೇಲೆ ತಲೆಕೆಳಗಾಗಿ ನೇತುಹಾಕುತ್ತೇವೆ; ಅದು ಮಣ್ಣಿಲ್ಲದೆ ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ಅಂಥ ಗಟ್ಟಿಜೀವಕ್ಕೆ ಸ್ವೀಡನ್ನಿನಲ್ಲಿ ಟೈಮರ್ ಹಾಕಿದ ಸೂರ್ಯ. ಕುಂಡಗಳಲ್ಲಿ ಮಣ್ಣಿನ ಬದಲು ಕೋಕೋಪೀಟು. ಅದು ನಮ್ಮ ಕಡೆಯ ನಾರಿನ ಕಾರ್ಖಾನೆಗಳ ಪಕ್ಕ ಗುಡ್ಡೆಗುಡ್ಡೆ ಬಿದ್ದಿರುವ ನಾರಿನ ಪುಡಿಯೇ. ಇಟ್ಟಿಗೆ ಮಾಡಿ ಹಡಗು ಹತ್ತಿಸಿದರೆ ಅಲ್ಲಿ ಕ್ರೋನಾ ಎಣಿಸಿ ಕೊಳ್ಳುತ್ತಾರೆ.

ಕೊನೆಗೆ ಕಂಡದ್ದು ತೆಂಗಿನ ಸಸಿ. ಕುಂಡದಲ್ಲಿ ಅರ್ಧ ಹೂತ ಕಾಯಿ, ಮೇಲೆ ನಾಲ್ಕು ಗರಿ. ಗಿಡದಂಗಡಿಯಲ್ಲಿ ಅಲಂಕಾರಕ್ಕೆಂದು ಮಾರುತ್ತಾರಂತೆ. ಅಳಿಯಂದಿರು ನನ್ನ ನೆನಪಿಗೆ ತಂದಿಟ್ಟದ್ದಂತೆ. ಮರ್ಯಾದೆಯ ಮಾತೇ ಇರಬೇಕು. ಆದರೆ ಆ ಸಸಿಯ ತುದಿ ಕಂದುಬಣ್ಣಕ್ಕೆ ತಿರುಗಿತ್ತು, ಒಂದು ಗರಿ ಜೋತುಬಿದ್ದಿತ್ತು.

ತೆಂಗಿಗೆ ವರ್ಷಕ್ಕೆ ಸುಮಾರು 2000 ಗಂಟೆ ಬಿಸಿಲು ಬೇಕು, ಸರಾಸರಿ 27 ಡಿಗ್ರಿ ಶಾಖ ಬೇಕು. ಇದು ಪುಸ್ತಕದ ಲೆಕ್ಕ. ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರದಲ್ಲಿ. ಡಿಸೆಂಬರಿನ ಮೂರನೇ ವಾರ ಅಲ್ಲಿ ಸೂರ್ಯ ಮುಕ್ಕಾಲು ಒಂಬತ್ತರ ಹೊತ್ತಿಗೆ ಹುಟ್ಟಿ ಮಧ್ಯಾಹ್ನ ಮೂರಾಗುವ ಮೊದಲೇ ಮುಳುಗುತ್ತಾನೆ. ನಡುಮಧ್ಯಾಹ್ನವೂ ಕ್ಷಿತಿಜದಿಂದ ಸುಮಾರು 7 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಅದೇ ದಿನ ತಿಪಟೂರಿನಲ್ಲಿ 53 ಡಿಗ್ರಿ ಮೇಲೆ ನಿಂತಿರುತ್ತಾನೆ, 11 ಗಂಟೆ 20 ನಿಮಿಷದ ಆಸುಪಾಸು ಡ್ಯೂಟಿ ಮಾಡುತ್ತಾನೆ. ಅಲ್ಲಿನ ಆರು ಗಂಟೆಯ ಹಗಲೂ ಬಹುಪಾಲು ಮೋಡದ ಹಿಂದೆಯೇ ಕಳೆಯುತ್ತದೆ; 1934ರ ಡಿಸೆಂಬರಿನಲ್ಲಿ ಆ ಊರಿನಲ್ಲಿ ಇಡೀ ತಿಂಗಳು ಒಂದು ಗಳಿಗೆಯ ಬಿಸಿಲೂ ದಾಖಲಾಗಲಿಲ್ಲ. ಈ ಅಂಕಿಯೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ಹೊತ್ತಿಗೆ ಗೊತ್ತಿದ್ದದ್ದು ಮಜ್ಜಿಗೆ.

"ಹುಳಿ ಮಜ್ಜಿಗೆ ಹಾಕಮ್ಮ" ಅಂದೆ. "ಎಷ್ಟು ಹುಳಿ ಬಂದಿರುತ್ತೋ ಅಷ್ಟು ಒಳ್ಳೇದು. ನಮ್ಮ ಹಿತ್ತಲ ಗಿಡ ನೋಡು, ಹೆಂಗಿದೆ."

ನಮ್ಮ ಹಿತ್ತಲ ಕರಿಬೇವು ಪಾತ್ರೆ ತೊಳೆದ ನೀರು ಕುಡಿದು, ಕೋಳಿ ಕೆದಕಿ, ಮಕ್ಕಳು ಜಗ್ಗಿ ಬೆಳೆದದ್ದು. ಮಜ್ಜಿಗೆಯ ಸುಖ ಅದಕ್ಕೆ ವರ್ಷಕ್ಕೊಮ್ಮೆಯೂ ಇಲ್ಲ. ಆದರೂ ಸಲಹೆ ಸಲಹೆಯೇ. ಮಗಳು ಹಾಕಿದಳು. ಒಳಗೆ ಹೀಟರು, ಹೊರಗೆ ಸೊನ್ನೆಗಿಂತ ಕೆಳಗೆ, ಕಿಟಕಿ ತೆಗೆಯುವ ಹಾಗಿಲ್ಲ. ಮೂರನೇ ದಿನ ಅಳಿಯಂದಿರೇ ಫೋನ್ ಮಾಡಿದರು. ಹವೆ ಹೇಗಿದೆ, ಕೊಬ್ಬರಿ ರೇಟು ಹೇಗಿದೆ ಅಂತೆಲ್ಲ ವಿಚಾರಿಸಿ, "ಮಾವ, ಆ ಮಜ್ಜಿಗೆ ಎಷ್ಟು ದಿನ ವಾಸನೆ ಇರುತ್ತೆ?" ಅಂದರು. ಹಿಂದಿನಿಂದ ಮಗಳು ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು. ಬಸುರಿಯ ವಾಂತಿ ಯಾವತ್ತೂ ಶುಭಲಕ್ಷಣವೇ ಅಂತ ಸಮಾಧಾನ ಹೇಳಿ ಫೋನಿಟ್ಟೆ.

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ವಿಜ್ಞಾನದ ಮೇಷ್ಟ್ರು ನೋಡಿ! ಕತ್ತಲ ದೇಶದ ಗಿಡದ ಕಷ್ಟ ತಿಳಿಯಬೇಕಾದರೆ ಕತ್ತಲಲ್ಲಿ ಗಿಡ ಬೆಳೆದು ನೋಡಬೇಕು. ಸ್ವೀಡನ್ನಿಗೆ ನಾನು ಹೋಗುವ ಹಾಗಿಲ್ಲ. ಕಾಯಿ ಕೆಡವಿಸುವುದಿದೆ, ಹಸು ಇದೆ, ಅಮ್ಮನಿಗೆ ವಯಸ್ಸಾಗಿದೆ. ಆದ್ದರಿಂದ ಸ್ವೀಡನ್ನನ್ನೇ ತುರುವೇಕೆರೆಗೆ ಕರೆಸಿಕೊಳ್ಳುವುದೆಂದು ತೀರ್ಮಾನಿಸಿದೆ.

ಜಾಗ ರೆಡಿಯಾಗಿಯೇ ಇತ್ತು, ಅಡುಗೆಮನೆಯ ಮೇಲಿನ ಕೊಬ್ಬರಿ ಅಟ್ಟ.

ನಮ್ಮ ಸೀಮೆಯ ಅಟ್ಟ ನೋಡದವರಿಗೆ ಎರಡು ಮಾತು ಹೇಳಬೇಕು. ಬೇರೆ ಕಡೆ ಕಾಯಿ ಒಡೆದು ಬಿಸಿಲಿಗೆ ಹರಡಿ ಕೊಬ್ಬರಿ ಮಾಡುತ್ತಾರೆ. ನಮ್ಮದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ, ಹತ್ತು ಹನ್ನೆರಡು ತಿಂಗಳು ನೆರಳಲ್ಲಿ ಬಿಡುತ್ತೇವೆ. ಅಟ್ಟದ ನೆಲ ಸಂದುಸಂದಾಗಿ ಜೋಡಿಸಿದ ಹಲಗೆ, ಗಾಳಿಯಾಡಲಿ ಅಂತ. ಕೆಳಗಿನ ಒಲೆಯ ಹೊಗೆ ಅದೇ ಸಂದಿನಲ್ಲಿ ಮೇಲಕ್ಕೆ ಹೋಗುತ್ತದೆ. ಕಾಯಿ ಕೈಗೆತ್ತಿಕೊಂಡು ಕಿವಿ ಹತ್ತಿರ ಅಲ್ಲಾಡಿಸಿದರೆ ಮೊದಮೊದಲು ನೀರು ಗುಳುಗುಳು ಅನ್ನುತ್ತದೆ. ತಿಂಗಳು ಕಳೆದ ಹಾಗೆ ಗುಳುಗುಳು ಸಣ್ಣದಾಗುತ್ತದೆ. ಆಮೇಲೆ ಒಂದು ದಿನ ಒಳಗಿನ ತಿರುಳು ಚಿಪ್ಪು ಬಿಟ್ಟು ಗಟಗಟ ಅಂತ ಉರುಳುತ್ತದೆ. ಗಿಟುಕಾಯಿತು ಅಂತ ಅರ್ಥ. ಸುಲಿದು, ಚಿಪ್ಪು ಒಡೆದು, ಇಡೀ ಉಂಡೆ ತೆಗೆದು ತಿಪಟೂರು ಮಾರ್ಕೆಟ್ಟಿಗೆ ಒಯ್ಯುವುದು. ಹೆಣ್ಣುಮಕ್ಕಳ ಮದುವೆ, ಗಂಡುಮಕ್ಕಳ ಇಂಜಿನಿಯರಿಂಗು, ಎಲ್ಲ ಈ ಕತ್ತಲೆಯಲ್ಲಿ ಒಣಗಿದ ದುಡ್ಡು. ಮಗಳನ್ನು ಸ್ವೀಡನ್ನಿಗೆ ಕಳಿಸಿದ್ದೂ ಇದೇ ಅಟ್ಟ. ಹಾಗಾಗಿ ಅಟ್ಟದ ಆಡಳಿತ ನನ್ನ ಹೆಂಡತಿಯದು. ನನಗೆ ಏಣಿ ಹಿಡಿಯುವ ಕೆಲಸ ಮಾತ್ರ.

ಅಟ್ಟ ಪೂರ್ತಿ ಕತ್ತಲೆಯಲ್ಲ. ಹೆಂಚಿನ ಸಾಲಿನಲ್ಲಿ ಒಂದು ಗಾಜಿನ ಹೆಂಚಿದೆ. ಅದರಿಂದಿಳಿಯುವ ಬಿಸಿಲಕೋಲು ಕಾಯಿರಾಶಿ ದಾಟಿ, ಹಲಗೆ ಸಂದಿನಲ್ಲಿ ನುಸುಳಿ, ಅಡುಗೆಮನೆಯ ಕಟ್ಟೆಯ ಮೇಲೆ ಬೀಳುತ್ತದೆ. ಸ್ವೀಡನ್ನಿಗೆ ಇದು ಒಪ್ಪುವುದಿಲ್ಲ. ಏಣಿ ಹಾಕಿ ಹತ್ತಿ ಗಾಜಿನ ಹೆಂಚಿನ ಮೇಲೆ ಗೋಣಿಚೀಲ ಹೊದಿಸಿ ಕಲ್ಲು ಹೇರಿದೆ.

"ಏನ್ರೀ, ಅಡುಗೆಮನೇಲಿ ಇವತ್ತು ಬೆಳಕೇ ಹರೀಲಿಲ್ವಲ್ಲ?"

"ಡಿಸೆಂಬರ್ ಕಣೇ."

"ಪ್ರತಿ ವರ್ಷಾನೂ ಡಿಸೆಂಬರ್ ಬರುತ್ತೆ."

"ಇದು ಸ್ಟಾಕ್‌ಹೋಮಿನ ಡಿಸೆಂಬರ್ರು."

ಅವಳು ಮಾತಾಡಲಿಲ್ಲ. ಆ ದಿನದ ಸಾರಿನಲ್ಲಿ ಉಪ್ಪಿನ ಬದಲು ಅಡುಗೆ ಸೋಡಾ ಇತ್ತು. ಕತ್ತಲಲ್ಲಿ ಡಬ್ಬಿ ಅದಲುಬದಲಾಯಿತು ಅಂದಳು. ಕತ್ತಲೆ ಎಷ್ಟು, ಉದ್ದೇಶ ಎಷ್ಟು ಎಂಬುದನ್ನು ಬೇರ್ಪಡಿಸುವ ಪ್ರಯೋಗ ನನ್ನ ಪಠ್ಯದಲ್ಲಿರಲಿಲ್ಲ.

ಕರಿಬೇವಿನ ಬುಡದಲ್ಲಿ ತಾನಾಗಿ ಎದ್ದ ಮೂರು ಮರಿಗಳನ್ನು ಕಿತ್ತು ಕುಂಡಕ್ಕೆ ಹಾಕಿದೆ. ಒಂದು ಹಿತ್ತಲಲ್ಲಿ, ಒಂದು ಅಟ್ಟದ ಕತ್ತಲೆಯಲ್ಲಿ, ಒಂದು ಅಟ್ಟದಲ್ಲಿ ದೀಪದ ಕೆಳಗೆ. ಇದಕ್ಕೇ ನಿಯಂತ್ರಿತ ಪ್ರಯೋಗ ಅನ್ನುವುದು. ದೀಪ ಬಂದದ್ದು ಒಂದು ಪುಟ್ಟ ಡಬ್ಬದಲ್ಲಿ: ಒಂದು ಕ್ಲಿಪ್ಪು, ಅದರಿಂದ ಬಗ್ಗಿಸಿದ ಹಾಗೆ ಬಗ್ಗುವ ನಾಲ್ಕು ಕತ್ತು, ತುದಿಗೆ ಕೆಂಪು ನೀಲಿ ಎಲ್‌ಇಡಿಗಳ ನಾಲ್ಕು ತಲೆ. ಎಲೆಯ ಪತ್ರಹರಿತ್ತು ಹೆಚ್ಚಾಗಿ ಹೀರುವುದು ಕೆಂಪನ್ನೂ ನೀಲಿಯನ್ನೂ. ಹಸಿರು ಬೆಳಕನ್ನು ಅಷ್ಟಾಗಿ ಮುಟ್ಟುವುದಿಲ್ಲ, ಅದಕ್ಕೇ ಎಲೆ ನಮ್ಮ ಕಣ್ಣಿಗೆ ಹಸಿರು. ಕೆಂಪು, ನೀಲಿ ಕೂಡಿದರೆ ನೇರಳೆ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇಷ್ಟನ್ನೂ ಅಮ್ಮನಿಗೆ ವಿವರಿಸಿ ಸ್ವಿಚ್ ಹಾಕಿದೆ. ಅಮ್ಮ ಏಣಿಯ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ, ಹೆಡೆಯೆತ್ತಿದ ನಾಲ್ಕು ತಲೆಯ ನಾಗರಹಾವಿನ ಹಾಗೆ ಹೊಳೆಯುತ್ತಿದ್ದ ಅದಕ್ಕೆ ಕೈಮುಗಿದು, "ಹಾಲೆರೀಬೇಕೇನೋ ಮಗಾ?" ಅಂದಳು.

ಹೆಂಡತಿ ಕೈಮುಗಿಯಲಿಲ್ಲ. ಹಲಗೆ ಸಂದಿನಿಂದ ನೇರಳೆ ಬೆಳಕು ಅವಳ ಅಡುಗೆಕಟ್ಟೆಯ ಮೇಲೆ ಬಿತ್ತು. ಆ ಬೆಳಕಿನಲ್ಲಿ ಹಸಿರೆಲ್ಲ ಕಪ್ಪಾಗಿ ಕಾಣುತ್ತದೆ. ಕೊತ್ತಂಬರಿ ಸೊಪ್ಪು ಕೊಳೆತ ಹಾಗೆ, ಹಸಿಮೆಣಸಿನಕಾಯಿ ಸುಟ್ಟ ಹಾಗೆ. ಸಂತೆಯಿಂದ ತಂದ ಸೊಪ್ಪನ್ನೆಲ್ಲ ಅವಳು ಹಸುವಿಗೆ ಹಾಕಿದಳು. ಹಸು ಹೊರಗಿನ ಬೆಳಕಿನಲ್ಲಿತ್ತು, ಸಂತೋಷದಿಂದ ತಿಂದಿತು.

ರಾತ್ರಿ ಅಟ್ಟದ ಕಿಂಡಿಯಿಂದ ಬೆಳಕು ಹೊರಗೂ ಬೀಳುತ್ತಿತ್ತು. ಒಂದು ವಾರವಾಗುವಷ್ಟರಲ್ಲಿ ಕಾಯಿ ಕೆಡವಲು ಬಂದವನು ಮರ ಹತ್ತದೆ ತಲೆ ಕೆರೆಯುತ್ತಾ ನಿಂತ. "ಮೇಷ್ಟ್ರೆ, ಏನೂ ತಿಳ್ಕಬೇಡಿ. ಊರಾಗೆ ಒಂದೊಂದು ಥರ ಮಾತಾಡ್ಕತಾವ್ರೆ." ಒಂದು ಪಂಗಡದ ಪ್ರಕಾರ ನಾನು ನಿಧಿ ಶೋಧಿಸುತ್ತಿದ್ದೆ. ಇನ್ನೊಂದು ಪಂಗಡ, ಪೆನ್ಷನ್ ಸಾಲದೆ ಮೇಷ್ಟ್ರು ಬಾರ್ ಅಂಡ್ ರೆಸ್ಟೋರೆಂಟ್ ತೆಗೆಯುತ್ತಿದ್ದಾರೆ, ಲೈಟಿಂಗ್ ಟ್ರಯಲ್ ನಡೀತಿದೆ ಅಂತ ನಂಬಿತ್ತು. ಈ ಎರಡನ್ನೂ ಸಹಿಸಿಕೊಳ್ಳಬಹುದಿತ್ತು. ಮೂರನೆಯದು ತಲೆನೋವಿನದು. ಇದು ಕೊಬ್ಬರಿ ಬೇಗ ಮಾಡುವ ಮಿಷನ್ನು, ಸ್ವೀಡನ್ನಿನಿಂದ ಮಗಳು ಕಳಿಸಿದ್ದು, ಮೂರೇ ತಿಂಗಳಿಗೆ ಗಿಟುಕು ಗಟಗಟ ಅನ್ನುತ್ತೆ!

ಜನ ಬರತೊಡಗಿದರು. ಸುಮ್ಮನೆ ಬಂದವರ ಹಾಗೆ ಬಂದು, ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಮಳೆ, ರೇಟು, ರಾಜಕೀಯ ಮುಗಿಸಿ, ಏಳುವ ಹೊತ್ತಿಗೆ, "ಅಲ್ಲಾ ಮೇಷ್ಟ್ರೆ, ಒಂದು ದೀಪಕ್ಕೆ ಎಷ್ಟು ಸಾವಿರ ಕಾಯಿ?" ಅನ್ನುವರು. ಇದು ಕರಿಬೇವಿಗೆ ಅಂದರೆ ಕಣ್ಣು ಮಿಟುಕಿಸುವರು. ಕರಿಬೇವಿಗೆ ದೀಪ ಹಾಕುವಷ್ಟು ದಡ್ಡ ಈ ತಾಲ್ಲೂಕಿನಲ್ಲಿ ಇರಲಾರ, ಆದ್ದರಿಂದ ಮೇಷ್ಟ್ರು ಗುಟ್ಟು ಬಿಡುತ್ತಿಲ್ಲ ಎಂಬುದು ಅವರ ತರ್ಕ. ತರ್ಕದಲ್ಲಿ ದೋಷವಿರಲಿಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ನನ್ನ ಷಡ್ಡಕ ಬಂದು, ನನ್ನನ್ನು ಒಂದು ಮಾತೂ ಕೇಳದೆ, ಡಬ್ಬದ ಮೇಲಿನ ಹೆಸರನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು ಹೋದ.

ಬೆಳಕಿಗೆ ಬಂದವರು ಜನ ಮಾತ್ರವಲ್ಲ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಗೊತ್ತಲ್ಲ, ಮೂಗಿನ ಮೇಲೆ ಕೊಂಬಿರುವ ಕರೀ ದುಂಬಿ. ಅದನ್ನು ಸುಳಿಯಿಂದ ಕಬ್ಬಿಣದ ಕೊಕ್ಕೆಯಲ್ಲಿ ಎಳೆದು ತೆಗೆಯುವುದು ಹೇಗೆಂದು ನಾನು ಊರಿಗೆಲ್ಲ ಪಾಠ ಹೇಳಿದವನು. ರಾತ್ರಿ ದೀಪದ ಬಲೆ ಹಾಕಿದರೆ ಹಾರಿ ಬರುತ್ತವೆ ಅಂತಲೂ ಹೇಳಿದ್ದೆ. ಆ ಒಂದು ಸಲಹೆ ಸರಿಯಾಗಿತ್ತು. ನಮ್ಮ ತೋಟದವೂ ಬಂದವು, ಪಕ್ಕದ ತೋಟದವೂ ಬಂದವು. ಕಿಂಡಿಯಿಂದ ನುಗ್ಗಿ, ದೀಪಕ್ಕೆ ಢಿಕ್ಕಿ ಹೊಡೆದು, ಹಲಗೆ ಸಂದಿನಲ್ಲಿ ಇಳಿದವು. ಒಂದು ರಾತ್ರಿ ಊಟಕ್ಕೆ ಕೂತಾಗ ಮೇಲಿಂದ ಒಂದು ನೇರವಾಗಿ ಬೇಳೆಸಾರಿನ ಪಾತ್ರೆಗೆ ಬಿದ್ದು ಬೆನ್ನ ಮೇಲೆ ಈಜತೊಡಗಿತು. ಹೆಂಡತಿ ಸೌಟಿನಲ್ಲಿ ಅದನ್ನೆತ್ತಿ, ನನ್ನ ತಟ್ಟೆಯ ಅಂಚಿಗೆ ಇಟ್ಟು, "ನಿಮ್ಮ ಶಿಷ್ಯ" ಅಂದಳು.

ಅವಳಿಗೆ 1880ರ ಕಥೆ ಹೇಳಿದೆ. ಆ ವರ್ಷ ಇಂಗ್ಲೆಂಡಿನಲ್ಲಿ ವಿಲಿಯಂ ಸೀಮೆನ್ಸ್ ಎಂಬ ಇಂಜಿನಿಯರು ತನ್ನ ತೋಟದ ಮನೆಯಲ್ಲಿ ವಿದ್ಯುತ್ ಆರ್ಕ್ ದೀಪ ಹೊತ್ತಿಸಿ, ರಾತ್ರಿಯೆಲ್ಲ ಗಿಡಗಳಿಗೆ ಬೆಳಕು ಕೊಟ್ಟು ಬೆಳೆಸಿ, ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಫಲಿತಾಂಶ ಇಟ್ಟ. ಆಗಿನ್ನೂ ನಮ್ಮ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿರಲಿಲ್ಲ, ಅದು 1902ಕ್ಕೆ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ಕ್ಕೆ. ಎಷ್ಟು ಹಿಂದಿನ ಮಾತು ನೋಡು ಅಂದೆ.

"ಅವನ ಹೆಂಡ್ತಿ ಏನಂದ್ಲು? ಅದನ್ನ ಬರ್ದಿಲ್ವಾ?"

ಬರೆದಿಲ್ಲ. ವಿಜ್ಞಾನದ ಇತಿಹಾಸದಲ್ಲಿ ಇಂಥ ಖಾಲಿ ಜಾಗ ಬಹಳ.

ಹತ್ತಿರದ ಉದಾಹರಣೆಯೇ ಬೇಕೆಂದು ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಗೆ ಬಂದೆ. ರಾತ್ರಿ ಬಸ್ಸಿನಲ್ಲಿ ಹೋದವರು ನೋಡಿರುತ್ತಾರೆ, ಸೇವಂತಿಗೆ ಹೊಲದ ತುಂಬ ಬಲ್ಬು ಉರಿಯುತ್ತಿರುತ್ತವೆ. ಸೇವಂತಿಗೆ ಹಗಲು ಚಿಕ್ಕದಾದಾಗ, ಅಂದರೆ ರಾತ್ರಿ ಉದ್ದವಾದಾಗ, ಮೊಗ್ಗು ಬಿಡುವ ಜಾತಿ. ರಾತ್ರಿಯ ಮಧ್ಯೆ ಬಲ್ಬು ಹಾಕಿ ಉದ್ದ ರಾತ್ರಿಯನ್ನು ತುಂಡರಿಸಿದರೆ ಗಿಡ ಇನ್ನೂ ಹೊತ್ತಿದೆ ಅಂದುಕೊಂಡು ಎಲೆ ಕಾಂಡ ಬೆಳೆಸುತ್ತಾ ಇರುತ್ತದೆ; ಹಬ್ಬದ ರೇಟು ನೋಡಿಕೊಂಡು ಬಲ್ಬು ಆರಿಸಿದರೆ ಹೂವಿಗೆ ಬರುತ್ತದೆ. ಹಗಲು ರಾತ್ರಿಯ ಉದ್ದಕ್ಕೆ ಗಿಡ ಹೀಗೆ ಕುಣಿಯುತ್ತದೆಂದು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ತೋರಿಸಿಕೊಟ್ಟರು. ನಮ್ಮ ರೈತರು ಆ ಹೆಸರುಗಳ ಗೊಡವೆಯಿಲ್ಲದೆ ಅದರಲ್ಲಿ ದುಡ್ಡು ಮಾಡುತ್ತಾರೆ.

"ಅವರು ಹೂವು ಮಾರ್ತಾರೆ" ಅಂದಳು. "ನೀವು?"

ಪ್ರಶ್ನೆ ಸಣ್ಣದು. ಆದರೆ ಅದರೊಳಗಿನ ವಿಜ್ಞಾನ ನನಗೆ ರಾತ್ರಿ ಮಲಗಿದ ಮೇಲೆ ಹೊಳೆಯಿತು. ಸೇವಂತಿಗೆಯ ಬಲ್ಬು ಗಿಡಕ್ಕೆ ಕೊಡುವ ಸುಳ್ಳುಸುದ್ದಿ ಅಷ್ಟೇ. ಸುದ್ದಿಗೆ ಮಬ್ಬು ಬೆಳಕು ಸಾಕು. ಅನ್ನ ಬೇರೆ. ಅದು ಹಗಲು ಸೂರ್ಯನಿಂದ ಬರುತ್ತದೆ. ನನ್ನ ಅಟ್ಟದಲ್ಲಿ ಸೂರ್ಯನಿಗೇ ಗೋಣಿಚೀಲ ಹೊದಿಸಿದ್ದೆ. ಮಾರನೇ ಬೆಳಿಗ್ಗೆ ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಅಟ್ಟ ಹತ್ತಿದೆ. ದೀಪದಿಂದ ಗೇಣುದೂರದಲ್ಲಿ ಸಾವಿರಗಳಲ್ಲಿ ಓಡುತ್ತಿದ್ದ ಅಂಕಿ ಮೊಳದಾಚೆ ನೂರುಗಳಿಗೆ ಇಳಿದಿತ್ತು. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಇದನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಮಕ್ಕಳ ಕೈಲಿ ಬಾಯಿಪಾಠ ಮಾಡಿಸಿದ್ದೆ, ಮರೆತವರಿಗೆ ಬೆತ್ತದ ರುಚಿ ತೋರಿಸಿದ್ದೆ. ಅಂಗಳದಲ್ಲಿ ನೆತ್ತಿಯ ಬಿಸಿಲು ಲಕ್ಷ ಲಕ್ಸ್ ಸುರಿಯುತ್ತದೆ, ಅದೂ ಪುಕ್ಕಟೆ. ಗಿಡವಿದ್ದದ್ದು ಮೊಳದಾಚೆ.

ಪುಕ್ಕಟೆ ಅಂದಾಗ ನೆನಪಾಯಿತು. 40 ವಾಟಿನ ದೀಪ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ ಹದಿನಾಲ್ಕೋ ಹದಿನೈದೋ ಯೂನಿಟ್. ಯಾವ ಮಹಾ ಅಂದುಕೊಂಡಿದ್ದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಯದು ಸೊನ್ನೆ ಬಿಲ್ಲು. ಸೊನ್ನೆ ಬಿಲ್ಲಿಗೂ ಒಂದು ಗೆರೆಯಿದೆ, ಹಿಂದಿನ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತು, ಒಟ್ಟು 200 ಯೂನಿಟ್ ಮೀರದಂತೆ. ಗೆರೆ ದಾಟಿದ್ದಕ್ಕೆ ಕಾಸು ಕೊಡಬೇಕು. ಹೆಂಡತಿ ಸೊನ್ನೆ ಬಿಲ್ಲುಗಳನ್ನೆಲ್ಲ ದೇವರ ಪಟದ ಹಿಂದೆ ಜೋಡಿಸಿಟ್ಟಿದ್ದಳು. ಆ ತಿಂಗಳ ಬಿಲ್ಲಿನಲ್ಲಿ ಸೊನ್ನೆಯ ಜಾಗದಲ್ಲಿ ಅಂಕಿ ಇತ್ತು. ಅದನ್ನು ಪಟದ ಹಿಂದೆ ಇಡಲಿಲ್ಲ. ಟಿವಿಗೆ ಅಂಟಿಸಿದಳು.

ಇಷ್ಟೆಲ್ಲ ಆದಮೇಲೂ ಫಲಿತಾಂಶ ಸಿಗಬೇಕಿತ್ತಲ್ಲ. ಎಲೆಯಲ್ಲಿ ಪಿಷ್ಟ ಇದೆಯೋ ಇಲ್ಲವೋ ನೋಡಲು ಸ್ಪಿರಿಟ್ಟಿನಲ್ಲಿ ಕುದಿಸಿ ಅಯೋಡಿನ್ ಹಾಕುವ ಪ್ರಯೋಗ ಎಲ್ಲ ಮೇಷ್ಟ್ರಿಗೂ ಗೊತ್ತು. ಸಾಮಾನೆಲ್ಲ ಹೊಂದಿಸಿಕೊಂಡು ಅಟ್ಟ ಹತ್ತಿದರೆ ದೀಪದ ಕೆಳಗಿನ ಕುಂಡದಲ್ಲಿ ಬರೀ ಕಡ್ಡಿ. ಕೆಳಗೆ ಉಪ್ಪಿಟ್ಟಿನ ಒಗ್ಗರಣೆ ಘಮಘಮ ಅನ್ನುತ್ತಿತ್ತು. "ಹಿತ್ತಲಿಗೆ ಹೋಗೋಕೆ ಮಂಜು ಸುರೀತಿತ್ತು. ಅಟ್ಟದಲ್ಲಿತ್ತಲ್ಲ, ಕಿತ್ಕೊಂಡೆ" ಅಂದಳು. ಮಗಳು ಪಡೆದುಕೊಳ್ಳಬೇಕಾಗಿದ್ದ ಜ್ಞಾನವನ್ನೆಲ್ಲ ಆ ಬೆಳಿಗ್ಗೆ ನಾನೇ ತಿಂದೆ. ಚೆನ್ನಾಗಿತ್ತು.

ಅಷ್ಟರಲ್ಲಿ ಅಟ್ಟದಲ್ಲಿ ಇನ್ನೊಂದು ಬೆಳವಣಿಗೆ ಆಗಿತ್ತು. ಹೀಟರಿನ ಮನೆಯಲ್ಲಿ ಗಾಳಿ ಒಣಗಿರುತ್ತದೆ, ಎಲೆಗೆ ನೀರು ಚಿಮುಕಿಸಬೇಕು ಎಂದು ಎಲ್ಲೋ ಓದಿ, ದಿನಾ ಪಿಚಕಾರಿಯಲ್ಲಿ ಸಿಂಪಡಿಸುತ್ತಿದ್ದೆ. ಕುಂಡದ ಸುತ್ತಲಿನ ಕಾಯಿಗಳ ಮಟ್ಟೆ ಒದ್ದೆಯಾಗಿ ಬೂಷ್ಟು ಹಿಡಿದಿತ್ತು, ಎರಡು ಕಾಯಿ ಮೊಳಕೆಯೊಡೆದಿದ್ದವು. ಹೆಂಡತಿ ಅವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೆಳಗಿಳಿದಳು. "ಕೊಬ್ಬರಿ ಅಟ್ಟಕ್ಕೆ ನೀರು ಹಾಯ್ಸೋ ಗಂಡಸು ಈ ಮೂರು ತಾಲ್ಲೂಕಲ್ಲಿ ನೀವೊಬ್ಬರೇ ಕಣ್ರೀ." ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು ಅಂತ ನನಗನ್ನಿಸಿತು. ಇರಲಿಕ್ಕಿಲ್ಲ.

ಜನವರಿಯಲ್ಲಿ ಬಾಣಂತನಕ್ಕೆ ಅವಳು ಸ್ಟಾಕ್‌ಹೋಮಿಗೆ ಹೊರಟಳು. ಬಾಣಂತಿ ಖಾರ, ಅಂಟುಂಡೆಯ ಸಾಮಾನು, ಕಾಸಿದ ಹರಳೆಣ್ಣೆ. ಹಣ್ಣು ತರಕಾರಿ ಗಿಡ ಬೀಜ ಯಾವುದನ್ನೂ ಸರ್ಟಿಫಿಕೇಟ್ ಇಲ್ಲದೆ ಯುರೋಪಿನ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. 2019ರ ಡಿಸೆಂಬರಿನಿಂದ ಕಾನೂನು ಬಿಗಿಯಾಗಿದೆ. ಐದಕ್ಕೆ ಮಾತ್ರ ವಿನಾಯಿತಿ: ಅನಾನಸ್, ಬಾಳೆ, ಖರ್ಜೂರ, ದುರಿಯನ್ ಮತ್ತು ತೆಂಗಿನಕಾಯಿ. ಇಡೀ ಜಗತ್ತಿನ ಹಣ್ಣುಹಂಪಲಿನಲ್ಲಿ ತೆಂಗಿಗೆ ಈ ಮರ್ಯಾದೆ ಸಿಕ್ಕಿದ್ದು ಕೇಳಿ ನನಗೆ ಕಣ್ಣು ತುಂಬಿತು. ಅವಳು ಮಾತ್ರ ತಕ್ಕಡಿಯಲ್ಲಿ ಸೂಟ್‌ಕೇಸ್ ತೂಗಿ ನೋಡಿ, ನನ್ನ ಸಲಹೆಗಳನ್ನು ಬರೆದಿದ್ದ ನೋಟ್‌ಬುಕ್ ತೆಗೆದು ಆ ಜಾಗಕ್ಕೆ ಒಂದು ಕಾಯಿ ಇಟ್ಟಳು.

ಅವಳು ಹೋಗಿ ವಾರದೊಳಗೇ ಅಲ್ಲಿಂದ ಫೋನು. ಗಂಡುಮಗು, ತಾಯಿ ಮಗು ಕ್ಷೇಮ. ಜೊತೆಗೆ, ಕೇಳದೆಯೇ, ಕರಿಬೇವಿನ ವರದಿ. "ಗಿಡ ಹೀಟರ್ ಪಕ್ಕ ಇಟ್ಟಿದ್ಲು ರೀ. ಒಲೆ ಪಕ್ಕ ಯಾರಾದ್ರೂ ಗಿಡ ಇಡ್ತಾರಾ? ದೀಪ ಎಲ್ಲೋ ಮೇಲಿತ್ತು. ಎತ್ತರದಲ್ಲಿದ್ರೆ ಮನುಷ್ಯರಿಗೆ, ತಗ್ಗಿನಲ್ಲಿದ್ರೆ ಗಿಡಕ್ಕೆ. ಗೇಣಷ್ಟು ಬಿಟ್ಟು ಇಳಿಸಿ ಕಟ್ಟಿದೀನಿ. ಬಚ್ಚಲಲ್ಲಿ ಎಲೆಯೆಲ್ಲ ತೊಳೆದೆ, ಹಿಂಭಾಗದಲ್ಲಿ ನುಸಿ ಕಟ್ಟಿತ್ತು. ಕುಡಿ ಚಿವುಟಿದೆ. ನೀರು ನಿಲ್ಲಿಸಿದೀನಿ." ವಿಲೋಮ ವರ್ಗ ನಿಯಮವನ್ನು ಯಾರೂ ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ನೀರು ನಿಲ್ಲಿಸಿದ್ದೂ ಸರಿಯೇ. ಬೆಳಕಿಲ್ಲದೆ ಗಿಡ ಉಣ್ಣುವುದಿಲ್ಲ. ಉಣ್ಣದ ಗಿಡಕ್ಕೆ ನೀರು ಮಜ್ಜಿಗೆ ಹುಯ್ದರೆ ಬೇರು ಕೊಳೆಯುತ್ತದೆ. ಹಾಗಂತ ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಗು ಅತ್ತಿತು, ಫೋನು ಕಟ್ಟಾಯಿತು.

ತೆಂಗಿನ ಸಸಿ ಉಳಿಯಲಿಲ್ಲ. ಅದಕ್ಕೆ ಯಾರ ಕೈಗುಣವೂ ಸಾಲದು. ಅಂಥ ಸಸಿಗಳು ಆ ದೇಶಗಳ ಮನೆಯೊಳಗೆ ಒಂದೆರಡು ವರ್ಷಕ್ಕಿಂತ ಬಾಳುವುದೇ ಅಪರೂಪ, ಕಾಯಿಯೊಳಗಿನ ಬುತ್ತಿ ಮುಗಿಯುವವರೆಗೆ ಅಷ್ಟೇ.

ಆದರೆ ದೀಪ ಕಂಡರೆ ನನ್ನ ಹೆಂಡತಿಗೂ ಕೈ ಸುಮ್ಮನಿರಲಿಲ್ಲ. ಮಗುವನ್ನು ಎಣ್ಣೆ ನೀರು ಹಾಕಿ ಎಳೆಬಿಸಿಲಿಗೆ ಹಿಡಿಯುವುದು ನಮ್ಮ ಪದ್ಧತಿ. ಅಲ್ಲಿ ಬಿಸಿಲಿಲ್ಲ. ಗಿಡದ ಕಪಾಟಿನ ಕೆಳಗಿನ ತಟ್ಟು ಖಾಲಿ ಮಾಡಿ, ಮೆತ್ತಗೆ ಬಟ್ಟೆ ಹಾಸುತ್ತಿದ್ದಾಗ ಮಗಳು ನೋಡಿ ಕಿರುಚಿಕೊಂಡಳಂತೆ. ಗಿಡದ ದೀಪದಲ್ಲಿ ಚರ್ಮಕ್ಕೆ ಡಿ ವಿಟಮಿನ್ ಹುಟ್ಟಿಸುವ ಕಿರಣ ಇರುವುದಿಲ್ಲ. ಅದಕ್ಕೇ ಅಲ್ಲಿ ಎಲ್ಲ ಹಸುಗೂಸಿಗೂ ಹುಟ್ಟಿದ ವಾರದಿಂದ ದಿನಾ ಐದು ತೊಟ್ಟು ಡಿ ವಿಟಮಿನ್ ಹಾಕುತ್ತಾರೆ. ಖಾಲಿಯಾದ ತಟ್ಟು ಹಾಳಾಗಬಾರದೆಂದು ಇವಳು ಅದರ ಮೇಲೆ ಅಕ್ಕಿ ಸಂಡಿಗೆ ಇಟ್ಟಳು. ಎರಡು ದಿನ ದೀಪದ ಕೆಳಗಿದ್ದರೂ ಸಂಡಿಗೆ ಹಸಿಹಸಿ. ಎಲ್‌ಇಡಿಗೆ ಬೆಳಕಿದೆ, ಬಿಸುಪಿಲ್ಲ. ಇದು ನನಗೆ ಗೊತ್ತಿತ್ತು. ಫೋನಿನಲ್ಲಿ ಹೇಳಿದೆ, ಸ್ವಲ್ಪ ದೊಡ್ಡ ದನಿಯಲ್ಲೇ ಹೇಳಿದೆ. "ಹೂಂ, ಅದಕ್ಕೇ ಆಗ್ಲೇ ಹೀಟರ್ ಮೇಲಿಟ್ಟೆ, ಒಣಗಿ ಡಬ್ಬಿ ಸೇರಿದೆ" ಅಂದಳು.

ಇಲ್ಲಿ ನಾನು, ಅಮ್ಮ, ಹಸು. ಗೋಣಿಚೀಲ ತೆಗೆದಿದ್ದೇನೆ. ನೇರಳೆ ದೀಪ ಡಬ್ಬ ಸೇರಿದೆ. ಗಣೇಶನ ಪೆಂಡಾಲಿಗೆ ಬೇಕು ಅಂತ ಹುಡುಗರು ಈಗಲೇ ಬಂದು ಹೇಳಿಹೋಗಿದ್ದಾರೆ. ಬಿಲ್ಲು ಮತ್ತೆ ಸೊನ್ನೆಗೆ ಬಂದಿದೆ, ಪಟದ ಹಿಂದೆ ಇಟ್ಟಿದ್ದೇನೆ.

ಮೊನ್ನೆ ರಾತ್ರಿ ಹತ್ತರ ಮೇಲೆ ಚಿಕ್ಕನಾಯಕನಹಳ್ಳಿಯ ಷಡ್ಡಕ ಫೋನ್ ಮಾಡಿದ. ಯಾರಿಗೂ ಕೇಳಿಸಬಾರದೆಂದು ಪಿಸುಗುಟ್ಟುತ್ತಿದ್ದ. "ಅಣ್ಣ, ಎರಡು ದೀಪ ತರಿಸಿ ಅಟ್ಟಕ್ಕೆ ಕಟ್ಟಿ ಎರಡು ತಿಂಗಳಾತು. ಕಾಯಿ ಅಲ್ಲಾಡ್ಸಿದ್ರೆ ಇನ್ನೂ ಗುಳುಗುಳು ಅಂತೈತೆ. ಗಟಗಟ ಅನ್ನಾಕೆ ಇನ್ನೆರಡು ದೀಪ ಹಾಕ್ಲಾ?"

ಗಂಟಲು ಸರಿಮಾಡಿಕೊಂಡೆ. ಆಮೇಲೆ, ಆ ಇಲಾಖೆ ಈಗ ಸ್ಟಾಕ್‌ಹೋಮಿಗೆ ವರ್ಗವಾಗಿದೆ ಅಂತ ಹೇಳಿ ಹೆಂಡತಿಯ ನಂಬರು ಕೊಟ್ಟೆ.